ಸಂಬಳದ ಜೊತೆಗೊಂದು ಏಜೆನ್ಸಿ

ಈ ಅಂಕಣದ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ವರ್ಷವಿಡೀ ಬರುತ್ತದೆ, ಮಾರ್ಚ್ ಹತ್ತಿರವಾದಂತೆ ಹೆಚ್ಚುತ್ತದೆ. ‘ಸಂಬಳ ಇಪ್ಪತ್ತನೇ ತಾರೀಖಿಗೇ ಮುಗಿಯುತ್ತದೆ. ಕೆಲಸ ಬಿಡದೆ ಸಂಜೆ ಹೊತ್ತು, ಭಾನುವಾರ ಇನ್ಶೂರೆನ್ಸ್ ಏಜೆನ್ಸಿ ಮಾಡಬಹುದೇ?’ ಕೇಳುವವರಲ್ಲಿ ಕಾರ್ಖಾನೆಯ ಸೂಪರ್‌ವೈಸರುಗಳಿದ್ದಾರೆ, ಖಾಸಗಿ ಶಾಲೆಯ ಮೇಷ್ಟ್ರುಗಳಿದ್ದಾರೆ, ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ ಹುಡುಗರಿದ್ದಾರೆ. ಸರ್ಕಾರಿ ನೌಕರರೂ ಇದ್ದಾರೆ. ಅವರು ಮಾತ್ರ ಹೆಸರು ಹಾಕಬೇಡಿ ಎಂದು ಕೊನೆಯಲ್ಲಿ ಸೇರಿಸುತ್ತಾರೆ.

ಮಾಡಬಹುದು, ಆದರೆ ಎಲ್ಲರೂ ಅಲ್ಲ. ತುಮಕೂರಿನ ಖಾಸಗಿ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾಗ, ಮಾಲೀಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆದು ನಾನೂ ಕೆಲವು ವರ್ಷ ಏಜೆನ್ಸಿ ನಡೆಸಿದೆ. ಅದರಿಂದ ನನ್ನ ಮನೆಗೆ ಅನುಕೂಲವಾಯಿತು. ಹಾಗಾಗಿ ಈ ಕೆಲಸದ ಬಗ್ಗೆ ನನಗೆ ಗೌರವವೇ ಇದೆ. ಆದರೆ ಈ ಪ್ರಶ್ನೆ ಕೇಳುವವರೆಲ್ಲ ಪಾಲಿಸಿ ಮಾರಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿರುತ್ತಾರೆ. ಮಾರಿದ ಪಾಲಿಸಿಯನ್ನು ಹದಿನೈದು, ಇಪ್ಪತ್ತು ವರ್ಷ ನೋಡಿಕೊಳ್ಳಲು ಎಷ್ಟು ಹೊತ್ತು ಬೇಕೆಂದು ಕೇಳುವವರು ತೀರ ಕಡಿಮೆ. ಏಜೆನ್ಸಿ ತೆಗೆದುಕೊಳ್ಳಬೇಕೋ ಬೇಡವೋ ಎಂಬುದು ಈ ಎರಡನೆಯ ಲೆಕ್ಕದ ಮೇಲೆ ನಿಂತಿದೆ.

ಒಳಗೆ ಹೋಗುವ ಬಾಗಿಲು ದೊಡ್ಡದಾಗಿಯೇ ತೆರೆದಿದೆ. ಹದಿನೆಂಟು ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಐಸಿ-38 ಎಂಬ ಪರೀಕ್ಷೆ ಬರೆಯಬೇಕು. ಒಂದು ಗಂಟೆ, 50 ಪ್ರಶ್ನೆ, ನೂರಕ್ಕೆ 35 ಬಂದರೆ ಸಾಕು. ಒಬ್ಬ ಏಜೆಂಟ್ ಒಂದು ಜೀವವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಗೆ ಕೆಲಸ ಮಾಡಬಹುದು. ಇದಕ್ಕಿಂತ ಚಿಕ್ಕ ದಾರಿ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್ ಎಂಬುದು. ಹದಿನೈದು ಗಂಟೆಯ ತರಬೇತಿ, ಒಂದು ಪರೀಕ್ಷೆ, ಆಮೇಲೆ ಮೊದಲೇ ಒಪ್ಪಿಗೆ ಪಡೆದ ಸರಳ ಪಾಲಿಸಿಗಳನ್ನು ಮಾತ್ರ ಮಾರಬಹುದು. ಏಜೆಂಟರನ್ನು ಸೇರಿಸಿಕೊಳ್ಳುವುದರಿಂದ ಕಂಪನಿಗೆ ಹೊರೆಯೇನೂ ಇಲ್ಲ. ಪಾಲಿಸಿ ತಂದರೆ ಕಮಿಷನ್, ತರದಿದ್ದರೆ ಏನೂ ಇಲ್ಲ. ಆದ್ದರಿಂದಲೇ ಡೆವಲಪ್‌ಮೆಂಟ್ ಆಫೀಸರು ಮೊದಲ ದಿನ ನಿಮ್ಮ ಕೈಗೆ ಹಾಳೆ ಕೊಟ್ಟು ನೆಂಟರು, ಸ್ನೇಹಿತರು, ಕ್ಲಾಸ್‌ಮೇಟುಗಳ ಹೆಸರು ಬರೆಸುತ್ತಾರೆ. ನಿಮ್ಮ ಬಂಡವಾಳ ಎಂದು ಅವರು ಎಣಿಸುವುದು ಆ ಹಾಳೆಯನ್ನು.

ದುಡ್ಡಿನ ಲೆಕ್ಕ ನೋಡೋಣ. ದೀರ್ಘಾವಧಿಯ ಎಂಡೋಮೆಂಟ್ ಪಾಲಿಸಿಗೆ ಬಹುಕಾಲ ನಡೆದುಬಂದ ದರ ಮೊದಲ ವರ್ಷದ ಕಂತಿನ ಮೇಲೆ ಶೇಕಡಾ 25, ಎರಡು ಮತ್ತು ಮೂರನೇ ವರ್ಷ ಏಳೂವರೆ, ಆಮೇಲೆ ಐದು. 2023ರ ನಿಯಮಗಳ ನಂತರ ಕಂಪನಿಗಳು ತಮ್ಮ ಒಟ್ಟು ಖರ್ಚಿನ ಮಿತಿಯೊಳಗೆ ಕಮಿಷನ್ ತಾವೇ ಗೊತ್ತುಮಾಡಬಹುದು. ದರಗಳು ಈಗ ಕಂಪನಿಯಿಂದ ಕಂಪನಿಗೆ ಬೇರೆ. ಆದರೂ ಅಂದಾಜಿಗೆ ಹಳೆಯ ದರವನ್ನೇ ಇಟ್ಟುಕೊಳ್ಳಿ. ವರ್ಷಕ್ಕೆ 24,000 ರೂಪಾಯಿ ಕಂತಿನ ಪಾಲಿಸಿಯಲ್ಲಿ ಏಜೆಂಟರಿಗೆ ಮೊದಲ ವರ್ಷ 6,000, ಮುಂದಿನ ವರ್ಷ 1,800. ಅಂಥವು 12 ಮಾಡಿಸಿದರೆ ಮೊದಲ ವರ್ಷ 72,000, ಅಂದರೆ ತಿಂಗಳಿಗೆ 6,000. ಮಗಳ ಶಾಲೆಯ ಫೀಸು ಕಟ್ಟಲು ಒದ್ದಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಎರಡನೇ ವರ್ಷ ಹೊಸದೇನೂ ಮಾರದಿದ್ದರೆ ಆ ಹನ್ನೆರಡರಿಂದ ಬರುವುದು 21,600. ಅದರಲ್ಲಿ ಐದು ಜನ ಕಂತು ನಿಲ್ಲಿಸಿದರೆ 12,600.

ಕಂತು ನಿಲ್ಲಿಸುವವರು ಯಾರು ಎಂಬುದು ಇಲ್ಲಿ ಮುಖ್ಯ. ಹೊಸ ಏಜೆಂಟರ ಮೊದಲ ಹನ್ನೆರಡು ಪಾಲಿಸಿ ಸಾಮಾನ್ಯವಾಗಿ ಆ ಹಾಳೆಯಲ್ಲಿ ಬರೆದವರದೇ. ಸೋದರಮಾವ, ಭಾವ, ಪಕ್ಕದ ಟೇಬಲ್ಲಿನ ಸಹೋದ್ಯೋಗಿ, ಹಾಲು ಹಾಕುವವರು. ‘ನಮ್ಮ ಹುಡುಗ ಕೇಳ್ತಾನೆ, ಒಂದು ಮಾಡಿಸೋಣ’ ಎಂದು ಮಾಡಿಸಿದ ಪಾಲಿಸಿ ಅವರ ಅಗತ್ಯದಿಂದ ಹುಟ್ಟಿದ್ದಲ್ಲ, ನಿಮ್ಮ ಮೇಲಿನ ಪ್ರೀತಿಯಿಂದ ಹುಟ್ಟಿದ್ದು. ಒಂದು ಕಂತು ಕಟ್ಟಿದಾಗ ಆ ಪ್ರೀತಿಯ ಸಾಲ ತೀರಿದಂತೆ. ಎರಡನೇ ಕಂತಿನ ನೋಟಿಸು ಬಂದಾಗ ಕೈ ಹಿಂದೆ ಸರಿಯುತ್ತದೆ. ಕಟ್ಟಿದ 24,000ದ ಗತಿ? ಮೊದಲೆಲ್ಲ ಹೆಚ್ಚಿನ ಪಾಲಿಸಿಗಳಲ್ಲಿ ಒಂದೇ ವರ್ಷ ಕಟ್ಟಿ ಬಿಟ್ಟರೆ ಪೂರ್ತಿ ಕಳೆದಂತೆಯೇ. 2024ರ ಅಕ್ಟೋಬರ್‌ನಿಂದ ಒಂದು ವರ್ಷದ ಕಂತು ಪೂರ್ತಿ ಕಟ್ಟಿದವರಿಗೂ ಸರೆಂಡರ್ ಮೌಲ್ಯ ಕೊಡಬೇಕೆಂಬ ನಿಯಮ ಬಂತು. ಆದರೂ ಕಟ್ಟಿದಷ್ಟು ಬರುವುದಿಲ್ಲ. ನಿಮ್ಮ ಕಮಿಷನ್ ಮಾತ್ರ ಆಗಲೇ ಖರ್ಚಾಗಿರುತ್ತದೆ, ಹಬ್ಬಕ್ಕೆ ಆ ಮಾವನ ಮನೆಗೆ ಹೋಗುವುದೂ ಕಷ್ಟವಾಗುತ್ತದೆ.

ಕಂಪನಿಗಳಿಗೂ ಇದು ಗೊತ್ತು. ಪಾಲಿಸಿ ಹದಿಮೂರನೇ ತಿಂಗಳಲ್ಲಿ ಬದುಕಿದೆಯೇ, ಅರವತ್ತೊಂದನೇ ತಿಂಗಳಲ್ಲಿ ಬದುಕಿದೆಯೇ ಎಂದು ಅವು ಪ್ರತ್ಯೇಕ ಲೆಕ್ಕ ಇಡುತ್ತವೆ. 2024ರ ಡಿಸೆಂಬರ್ 9ರಂದು ಪಾಣಿಪತ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಎಲ್‌ಐಸಿಯ ಬಿಮಾ ಸಖಿ ಯೋಜನೆಯನ್ನು ನೋಡಿ. ಹತ್ತನೇ ತರಗತಿ ಪಾಸಾದ 18ರಿಂದ 70 ವರ್ಷದ ಹೆಣ್ಣುಮಕ್ಕಳಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್. ಆದರೆ ಎರಡನೇ ವರ್ಷದ ಹಣ ಬರಬೇಕಾದರೆ ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಶೇಕಡಾ 65ರಷ್ಟಾದರೂ ಚಾಲ್ತಿಯಲ್ಲಿರಬೇಕು. ಈ ಷರತ್ತು ನನಗೆ ಇಷ್ಟವಾಯಿತು. ಅರೆಕಾಲಿಕ ಏಜೆಂಟರು ಯಾರೂ ಹೇಳದಿದ್ದರೂ ಇದನ್ನು ತಾವೇ ಹಾಕಿಕೊಳ್ಳಬೇಕು.

ಪಾಲಿಸಿ ಬದುಕಿರಬೇಕಾದರೆ ಕಂತು ಬೀಳುವ ತಿಂಗಳನ್ನೇ ಗ್ರಾಹಕರ ಕೈಯಲ್ಲಿ ದುಡ್ಡಿರುವ ತಿಂಗಳಿಗೆ ಹೊಂದಿಸಬೇಕು. ಗುಬ್ಬಿ, ತಿಪಟೂರು ಕಡೆಯ ತೋಟದವರಿಗೆ ತಿಂಗಳ ಕಂತು ಮಾಡಿಸಿದರೆ ಅದು ಉಳಿಯುವುದಿಲ್ಲ. ಅವರ ಮನೆಗೆ ಹಣ ಬರುವುದು ಕೊಬ್ಬರಿ ಮಾರಿದಾಗ. ತಿಂಗಳ ಕಂತಿಗೆ ಹದಿನೈದು ದಿನ ಗ್ರೇಸ್, ವರ್ಷದ್ದಕ್ಕೂ ಅರ್ಧವರ್ಷದ್ದಕ್ಕೂ ಮೂವತ್ತು ದಿನ. ಹೀಗಿರುವಾಗ ಕೊಬ್ಬರಿ ಮಾರುವ ಸಮಯಕ್ಕೆ ಅರ್ಧವರ್ಷದ ಕಂತು ಬರುವಂತೆ ಮಾಡಿಸುವುದು ದೊಡ್ಡ ವಿದ್ಯೆಯಲ್ಲ. ಆದರೆ ಮಾರ್ಚ್ ಮುಗಿಯುವುದರೊಳಗೆ ವರ್ಷದ ಗುರಿ ಮುಟ್ಟಲೇಬೇಕೆಂದು ಓಡುತ್ತಿರುವ ಏಜೆಂಟರಿಗೆ ಅದನ್ನು ಕೇಳುವ ವ್ಯವಧಾನ ಇರುವುದಿಲ್ಲ.

ಇನ್ನು ನಗದು. ಅರೆಕಾಲಿಕ ಏಜೆಂಟರು ಎಡವುವ ಜಾಗ ಇದೇ. ಗ್ರಾಹಕರು ಕಂತಿನ ಹಣ ನಿಮ್ಮ ಕೈಗೆ ಕೊಟ್ಟು ‘ನೀವೇ ಕಟ್ಟಿಬಿಡಿ’ ಎನ್ನುತ್ತಾರೆ. ಶಾಖೆಯ ಕೌಂಟರು ತೆರೆದಿರುವ ಹೊತ್ತು ನೀವು ಡ್ಯೂಟಿಯಲ್ಲಿರುತ್ತೀರಿ. ನಾಳೆ, ನಾಡಿದ್ದು, ಮುಂದಿನ ವಾರ. ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪು ಕೊಟ್ಟ ಪ್ರಕರಣವೊಂದನ್ನು ಪ್ರತಿ ಏಜೆಂಟರೂ ತಿಳಿದಿರಬೇಕು. ಪಾಲಿಸಿದಾರರು ಅರ್ಧವರ್ಷದ ಕಂತಿಗೆ ಬೇರರ್ ಚೆಕ್ ಬರೆದು ಏಜೆಂಟರ ಕೈಗೆ ಕೊಟ್ಟಿದ್ದರು. ಏಜೆಂಟರು ಅದನ್ನು ನಗದು ಮಾಡಿಸಿಕೊಂಡರು, ಎಲ್‌ಐಸಿಗೆ ಮಾತ್ರ ಸಮಯಕ್ಕೆ ಕಟ್ಟಲಿಲ್ಲ. ಅಷ್ಟರಲ್ಲಿ ಪಾಲಿಸಿದಾರರು ಅಪಘಾತದಲ್ಲಿ ತೀರಿಹೋದರು, ಹಣ ಕಟ್ಟಿದ್ದು ಆಮೇಲೆ. ಕಂತು ವಸೂಲಿ ಮಾಡುವ ಅಧಿಕಾರ ಆ ಏಜೆಂಟರಿಗೆ ಇರಲಿಲ್ಲವಾದ್ದರಿಂದ ಏಜೆಂಟರಿಗೆ ಕೊಟ್ಟದ್ದು ನಿಗಮಕ್ಕೆ ಕಟ್ಟಿದಂತಾಗುವುದಿಲ್ಲ, ಪಾಲಿಸಿಗಳು ಆಗಲೇ ಲ್ಯಾಪ್ಸ್ ಆಗಿದ್ದವು ಎಂದು ನ್ಯಾಯಾಲಯ ಹೇಳಿತು. ಈಗ ಯುಪಿಐ ಇದೆ, ಬ್ಯಾಂಕಿನಿಂದ ತಾನಾಗಿ ಕಂತು ಹೋಗುವ ವ್ಯವಸ್ಥೆ ಇದೆ. ಗ್ರಾಹಕರಿಗೆ ಅದನ್ನು ಒಮ್ಮೆ ಕೂತು ಕಲಿಸಿ. ಅವರ ನೋಟು ನಿಮ್ಮ ಜೇಬಿಗೆ ಒಂದು ರಾತ್ರಿಯ ಮಟ್ಟಿಗೂ ಬರಬಾರದು.

ನಮ್ಮ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದವರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಚಿಕ್ಕ ವಯಸ್ಸು, ಹೆಂಡತಿ, ಶಾಲೆಗೆ ಹೋಗುವ ಮಗು. ಅವರ ಪಾಲಿಸಿ ನಾನು ಮಾಡಿಸಿದ್ದಲ್ಲ. ಮದುವೆಗೆ ಮೊದಲೇ ಪರಿಚಯದವರೊಬ್ಬರು ಮಾಡಿಸಿದ್ದರು. ಆ ಪರಿಚಯದವರೂ ನಮ್ಮ ಹಾಗೆಯೇ ಬೇರೆ ಕೆಲಸದಲ್ಲಿದ್ದುಕೊಂಡು ಏಜೆನ್ಸಿ ನಡೆಸುತ್ತಿದ್ದರು. ಆಮೇಲೆ ಬೆಂಗಳೂರಿಗೆ ವರ್ಗವಾಗಿ ಏಜೆನ್ಸಿ ಬಿಟ್ಟಿದ್ದರು. ಕಂತುಗಳೆಲ್ಲ ಸರಿಯಾಗಿ ಕಟ್ಟಿದ್ದವು. ಬಾಂಡ್ ತೆಗೆದು ನೋಡಿದರೆ ನಾಮಿನಿಯ ಜಾಗದಲ್ಲಿದ್ದದ್ದು ತಾಯಿಯ ಹೆಸರು, ಆ ತಾಯಿ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ನಾಮಿನಿ ಬದುಕಿಲ್ಲದಿದ್ದರೆ ಹಣ ಕಾನೂನುಬದ್ಧ ವಾರಸುದಾರರಿಗೆ ಹೋಗಬೇಕು, ಅದಕ್ಕೆ ದಾಖಲೆ ಬೇಕು. ಹೊಟ್ಟೆಪಾಡಿಗೆ ಕೆಲಸ ಹುಡುಕಬೇಕಿದ್ದ ಆ ಹೆಣ್ಣುಮಗಳು ಉತ್ತರಾಧಿಕಾರ ಪ್ರಮಾಣಪತ್ರಕ್ಕಾಗಿ ಕೋರ್ಟಿಗೆ ತಿಂಗಳುಗಟ್ಟಲೆ ಅಲೆದರು. ರಜೆ ಹಾಕಿ ಕೆಲವು ಸಲ ಜೊತೆಗೆ ಹೋಗಿದ್ದೆ. ವಕೀಲರ ಫೀಸಿಗೆ ಅವರು ಕಿವಿಯ ಓಲೆ ಅಡವಿಟ್ಟದ್ದು ಆಮೇಲೆ ಗೊತ್ತಾಯಿತು.

ಆ ಏಜೆಂಟರು ಮೋಸಗಾರರಲ್ಲ. ಪಾಲಿಸಿ ಒಳ್ಳೆಯದನ್ನೇ ಮಾಡಿಸಿದ್ದರು. ಮದುವೆಯಾದಾಗ ಒಂದು ಫಾರಂ ತುಂಬಿಸಿ ನಾಮಿನಿ ಬದಲಿಸುವ ಕೆಲಸವಷ್ಟೇ ಉಳಿದುಹೋಗಿತ್ತು, ಅದನ್ನು ಮಾಡಲು ಅವರು ಆ ಊರಿನಲ್ಲಿ ಇರಲಿಲ್ಲ. ಏಜೆಂಟರಿಲ್ಲದೆ ಉಳಿದ ಇಂಥ ಪಾಲಿಸಿಗಳನ್ನು ಈ ವೃತ್ತಿಯಲ್ಲಿ ಆರ್ಫನ್ ಪಾಲಿಸಿ ಎನ್ನುತ್ತಾರೆ. ಅರೆಕಾಲಿಕರು ಏಜೆನ್ಸಿ ಬಿಡುವುದು ಬೇಗ, ಹಾಗಾಗಿ ಇವು ಹುಟ್ಟುವುದೂ ಹೆಚ್ಚಾಗಿ ಅವರಿಂದ. ಬಿಡುವುದಾದರೆ ಗ್ರಾಹಕರೆಲ್ಲರಿಗೂ ತಿಳಿಸಿ, ನಾಮಿನಿ, ವಿಳಾಸ, ಬ್ಯಾಂಕ್ ವಿವರ ಸರಿಪಡಿಸಿಕೊಟ್ಟು ಬಿಡಿ.

ಪ್ರಪೋಸಲ್ ಫಾರಂ ತುಂಬಿಸುವುದೂ ಇಷ್ಟೇ ಗಂಭೀರ ಕೆಲಸ. ಭಾನುವಾರ ಸಂಜೆ ಕಾಫಿ ಕುಡಿಯುತ್ತಾ, ‘ಶುಗರ್ ಗಿಗರ್ ಏನೂ ಇಲ್ಲ ಅಂತ ಹಾಕಿಬಿಡೋಣ, ಇಲ್ಲದಿದ್ದರೆ ಮೆಡಿಕಲ್ ಕೇಳ್ತಾರೆ’ ಎಂದು ಏಜೆಂಟರೇ ಟಿಕ್ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆ ಮೂರು ವರ್ಷದೊಳಗೆ ಸಾವು ಬಂದರೆ ಕಂಪನಿ ಆಸ್ಪತ್ರೆಯ ದಾಖಲೆ ತರಿಸುತ್ತದೆ, ಔಷಧಿಯ ಚೀಟಿ ಹುಡುಕುತ್ತದೆ. ಸುಳ್ಳು ಟಿಕ್ ಹಾಕಿದ್ದು ನೀವು; ಕ್ಲೇಮ್ ತಿರಸ್ಕೃತವಾಗುವುದು ಅವರ ಮನೆಯಲ್ಲಿ. ಎಲ್ಲವನ್ನೂ ಬರೆಸಿ. ಹೆಚ್ಚಿನ ಕಂತು ಬಂದರೂ ಬರಲಿ, ಪಾಲಿಸಿ ಸಿಗದಿದ್ದರೂ ಸರಿ.

ನೌಕರಿಯ ಕಡೆ ಬರೋಣ. ಸರ್ಕಾರಿ ನೌಕರರಿಗೆ ನನ್ನ ಉತ್ತರ ಒಂದೇ, ಬೇಡ. ಕೇಂದ್ರ ನೌಕರರ 1964ರ ನಡತೆ ನಿಯಮಗಳ 15ನೇ ನಿಯಮ ಸರ್ಕಾರದ ಪೂರ್ವಾನುಮತಿ ಇಲ್ಲದ ಖಾಸಗಿ ವ್ಯಾಪಾರವನ್ನು ತಡೆಯುತ್ತದೆ. ಅಷ್ಟೇ ಅಲ್ಲ, ಹೆಂಡತಿ ಅಥವಾ ಕುಟುಂಬದವರು ನಡೆಸುವ ವಿಮಾ ಏಜೆನ್ಸಿಯ ಪರವಾಗಿ ನೌಕರ ಗಿರಾಕಿ ಹಿಡಿದರೂ ನಿಯಮ ಮುರಿದಂತೆಯೇ ಎಂದು ಬಿಡಿಸಿ ಹೇಳುತ್ತದೆ. ಕುಟುಂಬದವರು ಏಜೆನ್ಸಿ ನಡೆಸುತ್ತಿದ್ದರೆ ಇಲಾಖೆಗೆ ತಿಳಿಸಬೇಕು. ನಮ್ಮ ರಾಜ್ಯದ ನಡತೆ ನಿಯಮಗಳದೂ ಇದೇ ಧಾಟಿ. ಹೆಂಡತಿಯ ಹೆಸರಿನಲ್ಲಿ ಏಜೆನ್ಸಿ, ಸ್ಟಾಫ್ ರೂಮಿನಲ್ಲಿ ಗಂಡನ ಪ್ರಚಾರ ಎಂಬುದು ನಮ್ಮ ಜಿಲ್ಲೆಗಳಲ್ಲಿ ಹೊಸದಲ್ಲ. ಅದು ನಡೆದುಬಂದಿದೆ ಎಂಬ ಮಾತ್ರಕ್ಕೆ ಸರಿಯಾಗುವುದಿಲ್ಲ. ಹೆಂಡತಿಯೇ ಪರೀಕ್ಷೆ ಬರೆದು, ತಾವೇ ಗ್ರಾಹಕರನ್ನು ಕಂಡು, ಕಮಿಷನ್ ತಮ್ಮ ಖಾತೆಗೆ ಹಾಕಿಸಿಕೊಂಡರೆ ಅದು ಅವರ ಉದ್ಯೋಗ, ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಗಂಡನಾದವನು ಇಲಾಖೆಗೆ ತಿಳಿಸಿ ದೂರ ನಿಲ್ಲಬೇಕು.

ಸರ್ಕಾರವೇ ವಿಮೆ ಮಾರಲು ಹೇಳುವ ನೌಕರಿಯೂ ಇದೆ. ಹಳ್ಳಿಯ ಅಂಚೆ ಕಚೇರಿಯಲ್ಲಿ ದಿನಕ್ಕೆ ಕೆಲವೇ ಗಂಟೆ ದುಡಿಯುವ ಗ್ರಾಮೀಣ ಡಾಕ್ ಸೇವಕರು 1995ರಲ್ಲಿ ಶುರುವಾದ ಗ್ರಾಮೀಣ ಅಂಚೆ ಜೀವವಿಮೆಯನ್ನು ಮನೆಮನೆಗೆ ಮುಟ್ಟಿಸುತ್ತಾರೆ, ಅದಕ್ಕೆ ಪ್ರೋತ್ಸಾಹಧನ ಪಡೆಯುತ್ತಾರೆ. ಅವರ ಅನುಕೂಲ ಏನೆಂದರೆ ಮಾರಿದವರು ಅದೇ ಊರಿನಲ್ಲಿರುತ್ತಾರೆ, ಸಾವಿನ ಸುದ್ದಿ ಅವರಿಗೇ ಮೊದಲು ತಿಳಿಯುತ್ತದೆ.

ಖಾಸಗಿ ನೌಕರರಿಗೆ ಎಲ್ಲರಿಗೂ ಅನ್ವಯಿಸುವ ಒಂದೇ ನಿಯಮವಿಲ್ಲ. ನೇಮಕಾತಿ ಪತ್ರ ತೆಗೆದು ಓದಿ. ಬೇರೆ ಉದ್ಯೋಗ ಮಾಡಬಾರದೆಂಬ ಸಾಲು ಬಹಳಷ್ಟು ಪತ್ರಗಳಲ್ಲಿ ಇರುತ್ತದೆ. 2022ರಲ್ಲಿ ವಿಪ್ರೋ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಜನರನ್ನು ತೆಗೆದುಹಾಕಿದ್ದನ್ನು ಬೆಂಗಳೂರಿನವರು ಮರೆತಿರಲಾರರು. ವಿಮಾ ಏಜೆನ್ಸಿ ಪ್ರತಿಸ್ಪರ್ಧೆಯಲ್ಲ ನಿಜ, ಆದರೂ ಎಚ್.ಆರ್. ವಿಭಾಗಕ್ಕೆ ಪತ್ರ ಕೊಟ್ಟು ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ನನ್ನ ಕಡೆಯಿಂದ ಇನ್ನೊಂದು ಕಟ್ಟುಪಾಡು ಸೇರಿಸುತ್ತೇನೆ. ನಿಮ್ಮ ಕೈಕೆಳಗೆ ದುಡಿಯುವವರಿಗೆ, ನೀವು ಪಾಠ ಹೇಳುವ ಮಕ್ಕಳ ತಂದೆತಾಯಿಗೆ, ನಿಮ್ಮ ಸಹಿಯಿಂದ ಸಾಲ ಪಡೆಯುವವರಿಗೆ ಪಾಲಿಸಿ ಮಾರಬೇಡಿ. ಅವರು ಹೂಂ ಎಂದರೂ ಅದು ಒಪ್ಪಿಗೆಯಲ್ಲ, ಹೆದರಿಕೆ.

ಏನು ಮಾರಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮನೆಯ ದುಡಿಯುವ ಕೈಗೆ ಮೊದಲು ದೊಡ್ಡ ಮೊತ್ತದ ಟರ್ಮ್ ಪಾಲಿಸಿ, ಆಮೇಲೆ ಇಡೀ ಕುಟುಂಬಕ್ಕೆ ಆರೋಗ್ಯ ವಿಮೆ. ಕಡಿಮೆ ಕಂತಿಗೆ ದೊಡ್ಡ ಆಸರೆ ಟರ್ಮ್ ಪಾಲಿಸಿಯಿಂದ ಸಿಗುತ್ತದೆ; ಕಂತು ಕಡಿಮೆಯಾದ್ದರಿಂದ ಕಮಿಷನ್ನೂ ಕಡಿಮೆ, ಆದ್ದರಿಂದಲೇ ಅದರ ಮಾತು ಕೊನೆಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಗಳ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಇದನ್ನು ಹೇಳಿ ಮಾತು ಆರಂಭಿಸಬಹುದು. ಆರೋಗ್ಯ ವಿಮೆ ಮಾರುವವರು ಮಾತ್ರ ರಾತ್ರಿ ಫೋನ್ ಎತ್ತಲು ಸಿದ್ಧರಿರಬೇಕು. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಆಸ್ಪತ್ರೆಯ ಕೌಂಟರಿನ ಮುಂದೆ ನಿಂತ ಗಾಬರಿಯ ಮನೆಯವರಿಗೆ ಇದನ್ನು ನೆನಪಿಸಬೇಕಾದವರು ನೀವೇ.

ನಿಮಗೆ ಹೆಚ್ಚೇನೂ ಸಿಗದ ಮಾತನ್ನೂ ಗ್ರಾಹಕರಿಗೆ ಹೇಳಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಹೋದರೆ ಜೀವನ ಜ್ಯೋತಿ ಯೋಜನೆಯಲ್ಲಿ 2 ಲಕ್ಷದ ಜೀವವಿಮೆ, 20 ರೂಪಾಯಿಗೆ ಸುರಕ್ಷಾ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆ ಇದೆ. ಕೂಲಿ ಮಾಡುವ ಮನೆಗೆ ಹೋದಾಗ ಮೊದಲು ಇವೆರಡನ್ನು ಮಾಡಿಸಿಕೊಳ್ಳಲು ಹೇಳುತ್ತಿದ್ದೆ. ನನ್ನ ಗ್ರಾಹಕರಲ್ಲಿ ಹೆಚ್ಚಿನವರು ಹಾಗೆ ಹೇಳಿದ ಮನೆಗಳಿಂದಲೇ, ಇಲ್ಲವೇ ಅವರು ಕಳಿಸಿದ ಮನೆಗಳಿಂದಲೇ ಬಂದರು.

ಮೊದಲ ಕಂತಿನಲ್ಲಿ ಪಾಲು ಬಿಟ್ಟುಕೊಡಿ ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ. ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ಇಂಥ ರಿಬೇಟ್ ಕೊಡುವುದೂ ತಪ್ಪು, ಪಡೆಯುವುದೂ ತಪ್ಪು, 10 ಲಕ್ಷದವರೆಗೆ ದಂಡವಿದೆ. ನಯವಾಗಿ ಎದ್ದು ಬನ್ನಿ. ಪಾಲಿಸಿ ಕೈಸೇರಿದ 30 ದಿನದೊಳಗೆ ಹಿಂದಿರುಗಿಸುವ ಹಕ್ಕು ಗ್ರಾಹಕರಿಗಿದೆ ಎಂಬುದನ್ನು ನೀವೇ ತಿಳಿಸಿ. ತೆರಿಗೆಯ ಮಾತು ಚಿಕ್ಕದು. ಕಮಿಷನ್ ವರ್ಷಕ್ಕೆ 20,000 ದಾಟಿದರೆ ಕಂಪನಿ ಶೇಕಡಾ 2ರಂತೆ ಟಿಡಿಎಸ್ ಹಿಡಿಯುತ್ತದೆ. ಆ ಹಣ ವ್ಯವಹಾರದ ಆದಾಯವಾದ್ದರಿಂದ ಸಂಬಳದವರ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-3 ತುಂಬಬೇಕು. ಪೆಟ್ರೋಲು, ಫೋನಿನ ಖರ್ಚಿನ ಚೀಟಿ ಇಟ್ಟುಕೊಂಡಿರಿ.

ಇಷ್ಟು ಓದಿದ ಮೇಲೂ ಏಜೆನ್ಸಿ ಮಾಡಬೇಕೆನಿಸಿದರೆ, ಪರೀಕ್ಷೆಗೆ ಹಣ ಕಟ್ಟುವ ಮೊದಲು ಒಂದು ಕೆಲಸ ಮಾಡಿ ನೋಡಿ. ನಿಮ್ಮ ಮನೆಯಲ್ಲಿ, ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಯಲ್ಲಿ ಬೀರುವಿನೊಳಗಿರುವ ಹಳೆಯ ಬಾಂಡುಗಳನ್ನೆಲ್ಲ ಹೊರಗೆ ತೆಗೆಸಿ. ನಾಮಿನಿ ಬದುಕಿದ್ದಾರೆಯೇ, ಕಂತು ನಿಂತಿದೆಯೇ, ನಿಂತು ಐದು ವರ್ಷದೊಳಗಾಗಿದ್ದರೆ ರಿವೈವಲ್ ಮಾಡಿಸಬಹುದೇ, ಬ್ಯಾಂಕ್ ಖಾತೆ ಸರಿಯಿದೆಯೇ ನೋಡಿ. ತಪ್ಪಿದ್ದನ್ನು ಶಾಖೆಗೆ ಹೋಗಿ ಸರಿಪಡಿಸಿಕೊಡಿ. ಇದಕ್ಕೆ ಯಾರೂ ಕಮಿಷನ್ ಕೊಡುವುದಿಲ್ಲ, ಒಂದೆರಡು ರಜೆ ಹೋಗುತ್ತದೆ, ಕೌಂಟರಿನ ಮುಂದೆ ಕಾಯಬೇಕಾಗುತ್ತದೆ. ಆ ಕೆಲಸವನ್ನು ಬೇಸರವಿಲ್ಲದೆ ಮುಗಿಸಿದಿರಾದರೆ ಪರೀಕ್ಷೆ ಬರೆಯಿರಿ. ಅರ್ಧದಲ್ಲೇ ಬಿಟ್ಟಿರಾದರೆ ಆದಾಯಕ್ಕೆ ಬೇರೆ ದಾರಿ ನೋಡಿಕೊಳ್ಳಿ.